ಹೊಳೆ ಎಂಬ ಉದ್ದನೆಯ ಒರತೆ

ಏಪ್ರಿಲ್ ತಿಂಗಳಲ್ಲಿ ನಮ್ಮ ಜಯಮಂಗಲಿ ಹೊಳೆಯಲ್ಲಿ ಮರಳು ಮಾತ್ರ ಇರುತ್ತಿತ್ತು. ಬರಿಗಾಲಿಟ್ಟರೆ ಚುರ್ರೆನ್ನುವ ಮರಳು. ನಮ್ಮಜ್ಜಿ ಸೊಂಟದಲ್ಲಿ ಬಿಂದಿಗೆ, ಕೈಯಲ್ಲಿ ಅರ್ಧ ತೆಂಗಿನ ಚಿಪ್ಪು ಹಿಡಿದು ಹೊಳೆಗೆ ಇಳಿಯುವಳು. ಹಿಂದೆ ನಾನು. ಎಲ್ಲೆಂದರಲ್ಲಿ ಅವಳು ಕೂರುತ್ತಿರಲಿಲ್ಲ. ಹೊಳೆ ತಿರುಗುವ ಕಡೆ ಒಂದು ಜಾಗ ನೋಡಿ, ಮಂಡಿಯೂರಿ, ಚಿಪ್ಪಿನಿಂದ ಮರಳು ಬಗೆಯುವಳು. ಮೊದಲು ಒಣ ಬಿಳಿ ಮರಳು. ಮೊಣಕೈ ಆಳಕ್ಕೆ ಹೋದರೆ ಕಂದುಬಣ್ಣದ ತೇವದ ಮರಳು. ಇನ್ನೊಂದು ಗೇಣು ಹೋಗುವಷ್ಟರಲ್ಲಿ ಗುಳಿಯ ಗೋಡೆ ಕುಸಿಯತೊಡಗಿ, ತಳದಲ್ಲಿ ನೀರು ಕಣ್ಣು ಬಿಡುವುದು. ಮೊದಲ ನಾಲ್ಕು ಚಿಪ್ಪು ಕದಡಿದ ನೀರನ್ನು ಪಕ್ಕಕ್ಕೆ ಚೆಲ್ಲಿ ಸುಮ್ಮನೆ ಕೂರುವಳು. ನಾನು ಕೈಹಾಕಲು ಹೋದರೆ, ‘ತಡಿಯೋ, ತಿಳಿಯಾಗ್ಲಿ’ ಎನ್ನುವಳು.

ಒರತೆ ಎಂದರೆ ಇದೇ. ಅದನ್ನು ನೋಡುತ್ತ ಕೂತ ಹುಡುಗನಿಗೆ ಒಂದು ಸಂಗತಿ ವಿಚಿತ್ರವೆನಿಸುತ್ತಿತ್ತು. ಅಜ್ಜಿ ಎಷ್ಟು ಮೊಗೆದರೂ ಸ್ವಲ್ಪ ಹೊತ್ತಿಗೆ ನೀರು ಮತ್ತೆ ಅದೇ ಗೆರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಒಂದು ಬೆರಳು ಮೇಲೆ ಏರುತ್ತಿರಲಿಲ್ಲ. ಹತ್ತು ಮಾರು ಆಚೆ ಇನ್ನೊಬ್ಬರು ತೋಡಿದ ಒರತೆಯಲ್ಲೂ ನೀರು ಹೆಚ್ಚುಕಡಿಮೆ ಅಷ್ಟೇ ಆಳದಲ್ಲಿ ಇರುತ್ತಿತ್ತು. ಹೊಳೆಯ ಮರಳಿನೊಳಗೆ ಯಾರೋ ದಾರ ಕಟ್ಟಿ ಗೆರೆ ಎಳೆದಂತೆ.

ಆ ಗೆರೆ ಅರ್ಥವಾದರೆ ಸತ್ತ ಹೊಳೆಗೆ ಜೀವ ಬರುವುದು ಹೇಗೆಂಬುದೂ ಅರ್ಥವಾಗುತ್ತದೆ.

ಎರಡು ಹೊಳೆಗಳ ಒಗಟು

ನಂದಿಬೆಟ್ಟದಲ್ಲಿ ಹುಟ್ಟಿ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿ ನಮಗೆಲ್ಲ ಗೊತ್ತು. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು ಈ ಹೊಳೆಯ ಹೆಸರಘಟ್ಟ ಕೆರೆಯಿಂದ, 1890ರ ದಶಕದಲ್ಲಿ. ಅದು ಸಾಲದಾದಾಗ 1930ರ ದಶಕದಲ್ಲಿ ಕೆಳಗಡೆ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. ಒಂದು ಇಡೀ ನಗರದ ದಾಹ ತಣಿಸಿದ ಹೊಳೆ ಈಗ ಮೇಲ್ಭಾಗದಲ್ಲಿ ವರ್ಷದ ಬಹುಪಾಲು ದಿನ ಒಣಗಿರುತ್ತದೆ. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್.

ಇನ್ನೊಂದು ಹೊಳೆ ರಾಜಸ್ಥಾನದ ಅಲ್ವರ್ ಜಿಲ್ಲೆಯ ಅರ್ವರಿ. ಅರಾವಳಿ ಬೆಟ್ಟಸಾಲಿನ ಬೋಳು ಇಳಿಜಾರುಗಳ ನಡುವೆ, ಮಳೆಗಾಲದಲ್ಲಿ ನಾಲ್ಕು ದಿನ ಕೆಂಪಗೆ ಉಕ್ಕಿ ಆಮೇಲೆ ಕಲ್ಲುಮರಳಾಗಿ ಬಿದ್ದಿರುತ್ತಿದ್ದ ಹಳ್ಳ. 1980ರ ದಶಕದಲ್ಲಿ ಆ ಭಾಗದ ಬಾವಿಗಳು ಬತ್ತಿ, ಗಂಡಸರು ದಿಲ್ಲಿ, ಅಹಮದಾಬಾದಿಗೆ ಕೂಲಿಗೆ ಹೋಗುತ್ತಿದ್ದರು. 1995ರ ಹೊತ್ತಿಗೆ ಆ ಹಳ್ಳ ಬೇಸಿಗೆಯಲ್ಲೂ ಹರಿಯಿತು. ಅಲ್ಲಿನ ಮಳೆ ಸುಮಾರು 600 ಮಿಲಿಮೀಟರ್, ಅದರಲ್ಲಿ ಬಹುಪಾಲು ಜುಲೈನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ.

ಹೆಚ್ಚು ಮಳೆಯ ಊರಿನಲ್ಲಿ ಹೊಳೆ ಸತ್ತಿತು, ಕಡಿಮೆ ಮಳೆಯ ಊರಿನಲ್ಲಿ ಹೊಳೆ ಬದುಕಿತು. ‘ಮಳೆ ಕಡಿಮೆಯಾಯಿತು, ಅದಕ್ಕೆ ಹೊಳೆ ಬತ್ತಿತು’ ಎಂದು ಕಟ್ಟೆಯ ಮೇಲೆ ಕೂತು ಹೇಳುವುದು ಸುಲಭ. ಅರ್ಕಾವತಿಯ ಮಟ್ಟಿಗಂತೂ ಅದು ಸುಳ್ಳು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಳೆಯನ್ನು ಆರೋಪಿಯ ಕಟಕಟೆಯಿಂದ ಇಳಿಸಿಬಿಟ್ಟರು. ಹಾಗಾದರೆ ಕಳ್ಳ ಯಾರು?

ಮಳೆ ನಿಂತ ಮೇಲೆ ಹರಿಯುವ ನೀರು

ಡಿಸೆಂಬರಿನಲ್ಲಿ ಮಲೆನಾಡಿನ ಒಂದು ತೊರೆಯ ಪಕ್ಕ ನಿಂತುಕೊಳ್ಳಿ. ಮಳೆ ನಿಂತು ಎರಡು ತಿಂಗಳಾಗಿದೆ. ಇಳಿಜಾರಿನ ಮೇಲೆ ಬಿದ್ದ ಮಳೆನೀರು ಬಿದ್ದ ದಿನವೋ ಮರುದಿನವೋ ಜಾರಿ ಹೊಳೆ ಸೇರಿ, ಹೊಳೆ ಕಡಲು ಸೇರಿಯಾಯಿತು. ಮತ್ತೆ ಈಗ ಹರಿಯುತ್ತಿರುವ ನೀರು ಯಾವುದು?

ಬೀಳುವ ಮಳೆಯಲ್ಲಿ ಒಂದು ಪಾಲು ನೆಲದ ಮೇಲೆ ಓಡುತ್ತದೆ. ದೊಡ್ಡ ಪಾಲನ್ನು ಗಿಡಮರ, ಬಿಸಿಲು ಸೇರಿ ಗಾಳಿಗೆ ವಾಪಸು ಕೊಡುತ್ತವೆ. ಉಳಿದ ಚಿಕ್ಕ ಪಾಲು ಮಣ್ಣಿನ ಸಂದಿ, ಬಂಡೆಯ ಸೀಳುಗಳಲ್ಲಿ ಇಳಿದು, ಇನ್ನು ಇಳಿಯಲಾರದ ಕಡೆ ನಿಂತು ತುಂಬಿಕೊಳ್ಳುತ್ತ ಬರುತ್ತದೆ. ಅದು ತುಂಬಿರುವ ಮೇಲ್ಮೈಗೆ ನಾವು ಶಾಲೆಯಲ್ಲಿ ಅಂತರ್ಜಲ ಮಟ್ಟ ಎಂದು ಓದಿದ್ದೇವೆ, ಇಂಗ್ಲಿಷಿನವರು ವಾಟರ್ ಟೇಬಲ್ ಎನ್ನುತ್ತಾರೆ. ಮೇಜಿನಂತೆ ಅದು ಚಪ್ಪಟೆಯಾಗಿರುವುದಿಲ್ಲ, ಬೆಟ್ಟದ ಕೆಳಗೆ ಉಬ್ಬಿ ಕಣಿವೆಯ ಕಡೆ ಬಾಗಿರುತ್ತದೆ. ಅಜ್ಜಿಯ ಒರತೆಯಲ್ಲಿ ಕಂಡ ಗೆರೆ ಅದೇ ಆದ್ದರಿಂದ ನಾನು ಅದನ್ನು ನೀರುಗೆರೆ ಎಂದು ಕರೆಯುತ್ತೇನೆ.

ನೀರುಗೆರೆ ಬಾಗಿದೆ ಎಂದರೆ ಒಳಗಿನ ನೀರೂ ನಡೆಯುತ್ತಿದೆ ಎಂದಾಯಿತು. ಆದರೆ ಅದರ ನಡಿಗೆ ದಿಬ್ಬಣದ ಎತ್ತಿನ ಗಾಡಿಯಂತಲ್ಲ, ಬಸವನ ಹುಳುವಿನಂತೆ. ಮರಳು ಮಣ್ಣಿನಲ್ಲಿ ದಿನಕ್ಕೆ ಒಂದು ಗೇಣೋ ಒಂದು ಮಾರೋ, ಜೇಡಿಯಲ್ಲಿ ಅದೂ ಇಲ್ಲ. ಫ್ರಾನ್ಸಿನ ದಿಜಾನ್ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಆನ್ರಿ ಡಾರ್ಸಿ, ಕೊಳವೆಯಲ್ಲಿ ಮರಳು ತುಂಬಿ ನೀರು ಬಿಟ್ಟು ಈ ನಡಿಗೆಯ ಲೆಕ್ಕ ಹಿಡಿದದ್ದು 1856ರಲ್ಲಿ. ಮರಳಿನ ಕಾಳು ದಪ್ಪವಿದ್ದಷ್ಟೂ, ಇಳಿಜಾರು ಕಡಿದಾದಷ್ಟೂ ವೇಗ ಹೆಚ್ಚು. ಇಂದಿಗೂ ಅಂತರ್ಜಲದವರ ಅಡುಗೆಮನೆಯ ಉಪ್ಪು ಅದೇ ಲೆಕ್ಕ.

ಈ ನಿಧಾನವೇ ನಮ್ಮ ಪುಣ್ಯ. ಜುಲೈನಲ್ಲಿ ಬೆಟ್ಟದ ಮೇಲೆ ಇಂಗಿದ ನೀರು ಕಣಿವೆ ಮುಟ್ಟುವಷ್ಟರಲ್ಲಿ ಜನವರಿಯೋ ಮಾರ್ಚೋ ಆಗಿರುತ್ತದೆ. ಕಣಿವೆಯ ತಳದಲ್ಲಿ ಹೊಳೆಯ ಪಾತ್ರವಿದೆ. ಪಾತ್ರವು ನೀರುಗೆರೆಗಿಂತ ಕೆಳಗಿದ್ದರೆ, ದಡದ ಎರಡೂ ಕಡೆಯಿಂದ ನೀರು ಬೆವರಿನಂತೆ ಒಸರಿ ಬಂದು ಪಾತ್ರ ತುಂಬುತ್ತದೆ. ಇದನ್ನು ಒಸರುಹರಿವು ಎನ್ನೋಣ. ಬೇಸ್ ಫ್ಲೋ ಎಂಬುದು ಇದರ ಇಂಗ್ಲಿಷ್ ಹೆಸರು.

ಅಜ್ಜಿ ತೋಡಿದ್ದು ಗಡಿಗೆಯಗಲದ ಒರತೆ. ಹೊಳೆಯೆಂದರೆ ಅದನ್ನೇ ಹತ್ತಾರು ಮೈಲಿ ಉದ್ದಕ್ಕೆ ತೋಡಿದ್ದು. ತೋಡಿದ್ದು ಮಳೆಗಾಲದ ನೆರೆ.

ಟಬ್ಬು, ಮರಳು, ಒಂದು ಸ್ಟ್ರಾ

ನಂಬಿಕೆ ಬರದವರು ಮಕ್ಕಳ ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ಮರಳು ತುಂಬಿ, ಒಂದು ತುದಿಯ ಕೆಳಗೆ ಇಟ್ಟಿಗೆ ಇಟ್ಟು ವಾಲಿಸಿ. ನಡುವೆ ಬೆರಳಿನಿಂದ ಉದ್ದಕ್ಕೆ ಒಂದು ಕಾಲುವೆ ಗೀರಿ, ಕೆಳತುದಿಯಲ್ಲಿ ಟಬ್ಬಿಗೊಂದು ತೂತು ಇರಲಿ. ಈಗ ಮೇಲ್ತುದಿಯ ಮರಳಿಗೆ ಚೊಂಬಿನಿಂದ ಒಮ್ಮೆಲೇ ನೀರು ಸುರಿಯಿರಿ. ಮೇಲೆ ಮೇಲೆ ಓಡಿ, ಮರಳನ್ನೂ ಎಳೆದುಕೊಂಡು ತೂತಿನಿಂದ ಹೊರಬಿದ್ದು ಮುಗಿಯುತ್ತದೆ. ಅದೇ ಚೊಂಬು ನೀರನ್ನು ಹತ್ತು ನಿಮಿಷ ಹನಿಹನಿಯಾಗಿ ಬಿಡಿ. ಎಷ್ಟೋ ಹೊತ್ತು ಏನೂ ಆಗುವುದಿಲ್ಲ, ನೋಡುವವರಿಗೆ ಬೇಸರ ಬರುತ್ತದೆ. ಆಮೇಲೆ ಕಾಲುವೆಯ ಕೆಳಭಾಗ ಮೊದಲು ಕಪ್ಪಾಗಿ, ಮಿರುಗಿ, ನೀರು ಜಿನುಗುತ್ತದೆ. ಹನಿ ಬಿಡುವುದು ನಿಲ್ಲಿಸಿದ ಮೇಲೂ ಜಿನುಗುತ್ತಲೇ ಇರುತ್ತದೆ.

ಈಗ ಬಾಯಿಗೆ ಮರಳು ಬರದಂತೆ ಒಂದು ಸ್ಟ್ರಾದ ತುದಿಗೆ ಬಟ್ಟೆ ಸುತ್ತಿ, ಕಾಲುವೆಯ ಪಕ್ಕ ಮರಳಿಗೆ ಚುಚ್ಚಿ, ಹೀರಿ. ಕಾಲುವೆಯನ್ನು ನೀವು ಮುಟ್ಟಿಯೇ ಇಲ್ಲ. ಆದರೂ ಜಿನುಗು ನಿಂತುಹೋಗುತ್ತದೆ. ಇನ್ನೂ ಹೀರಿದರೆ ಕಾಲುವೆಯಲ್ಲಿದ್ದ ನೀರೇ ಮರಳಿನೊಳಕ್ಕೆ ಹಿಂದಿರುಗುತ್ತದೆ. ನೆಲದಿಂದ ನೀರು ಪಡೆಯುತ್ತಿದ್ದ ಹೊಳೆ ನೆಲಕ್ಕೆ ನೀರು ಕಳೆದುಕೊಳ್ಳುವ ಹೊಳೆಯಾಯಿತು. ನೀರುಗೆರೆ ಪಾತ್ರದ ತಳಕ್ಕಿಂತ ಒಂದು ಗೇಣು ಮೇಲಿದ್ದರೆ ಮೊದಲನೆಯದು, ಒಂದು ಗೇಣು ಕೆಳಗಿದ್ದರೆ ಎರಡನೆಯದು. ಹೊಳೆಯ ಸಾವು ಬದುಕು ನಿಂತಿರುವುದು ಆ ಎರಡು ಗೇಣಿನ ನಡುವೆ.

ಅರ್ಕಾವತಿಯ ಕಳ್ಳನನ್ನು ಈಗ ಹಿಡಿಯಬಹುದು. ಏಟ್ರೀ ಅಧ್ಯಯನ ಬೊಟ್ಟು ಮಾಡಿದ್ದು ಮುಖ್ಯವಾಗಿ ಕೊಳವೆಬಾವಿಗಳ ಕಡೆ, ಅಂದರೆ ಸ್ಟ್ರಾಗಳ ಕಡೆ, ಜೊತೆಗೆ ರಾಗಿ ಹೊಲಗಳಲ್ಲಿ ಎದ್ದ ನೀಲಗಿರಿ ತೋಪುಗಳ ಕಡೆ. ನೀಲಗಿರಿಯ ಬೇರು ಮಣ್ಣಿನ ತೇವವನ್ನು ಆಳದವರೆಗೆ ಹೀರಿ ಒಣಗಿಸಿಡುತ್ತದೆ. ಮುಂದಿನ ಮಳೆ ಆ ಬಾಯಾರಿದ ಮಣ್ಣನ್ನು ತಣಿಸುವುದರಲ್ಲೇ ಖರ್ಚಾಗಿ, ನೀರುಗೆರೆಯವರೆಗೆ ತಲುಪುವುದೇ ಇಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೋರಿನ ಮೇಲೆ ಅಷ್ಟೇ ಗಟ್ಟಿಯಾಗಿ ಕೈ ಮಾಡುವುದು ಯಾವ ಸರ್ಕಾರಕ್ಕೂ ಸುಲಭವಲ್ಲ, ಓಟು ಇರುವುದು ಬೋರಿನ ಹತ್ತಿರ.

ಗೋಕಟ್ಟೆಯ ಅಣ್ಣ

1985ರ ಅಕ್ಟೋಬರಿನಲ್ಲಿ ರಾಜೇಂದ್ರ ಸಿಂಗ್ ಎಂಬ ತರುಣ ನಾಲ್ವರು ಗೆಳೆಯರೊಂದಿಗೆ ಅಲ್ವರಿನ ಹಳ್ಳಿಗೆ ಬಂದಿಳಿದರು. ಆಯುರ್ವೇದ ಓದಿದವರು, ತರುಣ ಭಾರತ ಸಂಘದ ಕಾರ್ಯಕರ್ತರು. ಔಷಧಿ ಕೊಡುವುದು, ಶಾಲೆ ನಡೆಸುವುದು ಅವರ ಯೋಚನೆ. ಅವರನ್ನು ಬೇರೆ ದಾರಿಗೆ ಹಚ್ಚಿದವರು ಗೋಪಾಲಪುರದ ಹಿರಿಯ ಮಾಂಗೂ ಮೀಣಾ. ಈ ಊರಿಗೆ ಬೇಕಿರುವುದು ನೀರು, ಗುದ್ದಲಿ ಹಿಡಿಯಿರಿ ಎಂಬುದು ಅವರ ಮಾತಿನ ತಾತ್ಪರ್ಯ. ಹೂಳು ತುಂಬಿದ್ದ ಹಳೆಯ ಜೋಹಡ್ ಒಂದನ್ನು ತೋಡುವುದರಿಂದ ಕೆಲಸ ಶುರುವಾಯಿತು.

ಜೋಹಡ್ ಎಂದರೆ ನಮ್ಮ ಬಯಲುಸೀಮೆಯ ಗೋಕಟ್ಟೆಗೆ ಅಣ್ಣನಿದ್ದಂತೆ. ಇಳಿಜಾರಿಗೆ ಅಡ್ಡಲಾಗಿ ಅರ್ಧಚಂದ್ರಾಕಾರದ ಮಣ್ಣಿನ ಏರಿ, ಮೇಲ್ಗಡೆ ತೆರೆದ ಬಾಯಿ, ಹೆಚ್ಚಾದ ನೀರು ಹೋಗಲು ಪಕ್ಕದಲ್ಲಿ ಕೋಡಿ. ದಕ್ಷಿಣ ಕನ್ನಡದ ಗುಡ್ಡದ ಮೇಲಿನ ಮದಕಗಳೂ ಇದೇ ಬಳಗ. ದನ ಕುಡಿಯಲು ನೀರು ಕಾಣುತ್ತದೆ, ಆದರೆ ಜೋಹಡಿನ ಅಸಲಿ ಕಸುಬು ಕಣ್ಣಿಗೆ ಕಾಣುವುದಿಲ್ಲ. ಅದು ಟಬ್ಬಿನ ಆಟದ ಹನಿಹನಿ. ಚೊಂಬಿನಂತೆ ಸುರಿಯುವ ಜುಲೈ ಮಳೆಯನ್ನು ಹಿಡಿದಿಟ್ಟು ನಿಧಾನಕ್ಕೆ ಕೆಳಗಿಳಿಸುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಅರ್ವರಿಯ ಜೋಹಡುಗಳಲ್ಲಿ ಅಳೆದಾಗ, ತುಂಬಿದ ನೀರು ದಿನಕ್ಕೆ ಸರಾಸರಿ 12ರಿಂದ 52 ಮಿಲಿಮೀಟರಿನಷ್ಟು ಇಂಗುತ್ತಿತ್ತು. ಬಿಸಿಲಿಗೆ ಆವಿಯಾಗುವುದು ಅದರ ಮುಂದೆ ಸಣ್ಣದು. ಒಟ್ಟಾರೆ ಕಣಿವೆಯಲ್ಲಿ ಬಿದ್ದ ಮಳೆಯ ಶೇಕಡ 7ರಷ್ಟು ಈ ಕಟ್ಟೆಗಳ ಮೂಲಕ ನೆಲಕ್ಕಿಳಿಯುತ್ತಿದೆ ಎಂದು ಅವರ ಅಂದಾಜು. ಏಳು ಎಂದರೆ ಕಡಿಮೆಯೆನಿಸಬಹುದು. ಒಸರುಹರಿವಿಗೆ ಸಿಗುವುದು ಎಲ್ಲ ಕಡೆಯೂ ಇಂಥ ಚಿಲ್ಲರೆ ಕಾಸೇ.

ಅರ್ವರಿ ಹುಟ್ಟುವ ಜಾಗದಲ್ಲಿ ಭಾಂವತಾ, ಕೋಲ್ಯಾಲಾ ಎಂಬ ಜೋಡಿ ಊರುಗಳಿವೆ. ಅಲ್ಲಿನವರು ಕಟ್ಟಿದರು, ಅವರನ್ನು ನೋಡಿ ಕೆಳಗಿನವರು ಕಟ್ಟಿದರು. ಹೀಗೆ ಕಣಿವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕಟ್ಟೆಗಳಾದವು. ಹೊಳೆ ಬರಿಸುವ ಆಸೆ ಅವರಲ್ಲಿ ಯಾರಿಗೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ತಂತಮ್ಮ ಬಾವಿಗೆ ನೀರು. ಬಾವಿಗಳು ಒಂದೊಂದಾಗಿ ತುಂಬಿದವು, ನೀರುಗೆರೆ ವರ್ಷ ವರ್ಷ ಏರುತ್ತ ಬಂದಿತು, ಒಂದು ಹಂತದಲ್ಲಿ ಪಾತ್ರದ ತಳ ದಾಟಿತು. ಆ ಮೇಲಿನ ಗೇಣಿಗೆ ನೀರುಗೆರೆ ಬಂದಾಗ ಹೊಳೆ ತಾನಾಗಿ ಕಾಣಿಸಿಕೊಂಡಿತು. ಅಷ್ಟು ವರ್ಷ ಏನೂ ಕಾಣದೆ ಇದ್ದಕ್ಕಿದ್ದಂತೆ ಹೊಳೆ ಬಂದದ್ದಕ್ಕೆ ಪವಾಡದ ಕಥೆಗಳು ಹುಟ್ಟಿಕೊಂಡವು. ಟಬ್ಬಿನ ಮರಳೂ ಹಾಗೇ ಕಾಯಿಸಿತ್ತಲ್ಲವೇ.

ಬೆಟ್ಟ ಬೋಳಾದರೆ

ಕಟ್ಟೆ ಕಟ್ಟಿ ಬೆಟ್ಟ ಮರೆತರೆ ಕೆಲವೇ ಮಳೆಗಾಲದಲ್ಲಿ ಕಟ್ಟೆ ಹೂಳಿನಿಂದ ಮುಚ್ಚುತ್ತದೆ. ಭಾಂವತಾ ಕೋಲ್ಯಾಲಾದವರಿಗೆ ಇದು ಗೊತ್ತಿತ್ತು, ಏಕೆಂದರೆ ಹಳೆಯ ಜೋಹಡುಗಳು ಹಾಳಾದದ್ದೇ ಹಾಗೆ. ಅವರು ಬೆಟ್ಟದ ಮೇಲೆ ಹಸಿ ಮರ ಕಡಿಯುವುದನ್ನು ನಿಲ್ಲಿಸಿ, ಮೇಯಿಸುವುದಕ್ಕೆ ಮಿತಿ ಹಾಕಿದರು. ಅಲ್ಲಿನ ಬೆಟ್ಟಗಳ ಮುಖ್ಯ ಮರ ಧೋಕ್, ನಮ್ಮ ದಿಂಡಿಗದ ಹತ್ತಿರದ ಸಂಬಂಧಿ. ಆಡು ಮೇದು ಮೇದು ನೆಲಕ್ಕೆ ಅಂಟಿಕೊಂಡ ಪೊದೆಯಾಗಿದ್ದರೂ ಅದರ ಬೇರು ಸತ್ತಿರುವುದಿಲ್ಲ. ಕಾಟ ನಿಂತರೆ ಬುಡದಿಂದ ಚಿಗುರೊಡೆದು ಮತ್ತೆ ಮರವಾಗುತ್ತದೆ. ಸಸಿ ತಂದು ನೆಟ್ಟು ಫೋಟೊ ತೆಗೆಸಿಕೊಳ್ಳುವ ಖರ್ಚು ಅವರಿಗೆ ಉಳಿಯಿತು. ನಮ್ಮ ದೇವರ ಬನಗಳಂತೆ ಆ ಕಡೆಯೂ ದೇವಬನಿಗಳಿವೆ. ಭೈರವನ ಹೆಸರಿನಲ್ಲಿ ಊರವರೇ ಒಂದು ಜನತೆಯ ಅಭಯಾರಣ್ಯ ಘೋಷಿಸಿಕೊಂಡರು.

ಬಿದ್ದ ಎಲೆ, ಹುಲ್ಲಿನ ಬುಡ, ಗೆದ್ದಲು ಕೊರೆದ ತೂತು, ಸತ್ತ ಬೇರು ಬಿಟ್ಟುಹೋದ ಕೊಳವೆ, ಇವೆಲ್ಲ ಸೇರಿ ನೆಲಕ್ಕೆ ಬಾಯಿ ಕೊಡುತ್ತವೆ. ಬೋಳು ನೆಲದ ಮೇಲೆ ಮಳೆಹನಿ ಬಡಿದು ಸಣ್ಣ ಮಣ್ಣು ಎದ್ದು ಆ ಬಾಯಿಗಳನ್ನು ಮೆತ್ತಿಬಿಡುತ್ತದೆ, ಸಗಣಿ ಸಾರಿಸಿದ ಅಂಗಳದಂತೆ. ಹೀಗಾಗಿ ಬೆಟ್ಟದ ಹುಲ್ಲೂ ಹೊಳೆಯ ಲೆಕ್ಕಕ್ಕೇ ಬರುತ್ತದೆ.

ಗಣಿಗಳದೂ ಇದೇ ಲೆಕ್ಕ. ಪಕ್ಕದ ಸರಿಸ್ಕಾ ಕಾಡಿನಲ್ಲಿ ಅಮೃತಶಿಲೆ ತೆಗೆಯುತ್ತಿದ್ದರು. ನೀರುಗೆರೆಗಿಂತ ಕೆಳಗಿಳಿದ ಪ್ರತಿ ಗಣಿಗುಂಡಿಯೂ ಒಂದು ದೊಡ್ಡ ಒರತೆಯೇ. ಸುತ್ತಲ ನೀರೆಲ್ಲ ಅದರೊಳಗೆ ಒಸರುತ್ತದೆ, ಪಂಪು ಹಚ್ಚಿ ಹೊರಗೆ ಚೆಲ್ಲುತ್ತಾರೆ, ಮೇಲಿನ ಜೋಹಡು ಒಣಗುತ್ತದೆ. ತರುಣ ಭಾರತ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಕೋರ್ಟು ಸಂರಕ್ಷಿತ ಪ್ರದೇಶದ ಗಣಿಗಾರಿಕೆಗೆ ತಡೆ ಹಾಕಿತು.

ಮೀನು ಬಂತು, ಜಗಳವೂ ಬಂತು

ಹೊಳೆ ನಿಂತಲ್ಲಿ ಮಡು, ಮಡುವಿನಲ್ಲಿ ಮೀನು. 1996ರಲ್ಲಿ ಸರ್ಕಾರ ಅರ್ವರಿಯ ಮೀನು ಹಿಡಿಯುವ ಗುತ್ತಿಗೆಯನ್ನು ಹೊರಗಿನವರಿಗೆ ಕೊಟ್ಟಿತು. ಹೊಳೆ ಬತ್ತಿದ್ದಾಗ ಈ ಕಡೆ ತಲೆ ಹಾಕದಿದ್ದವರಿಗೆ ಮೀನು ಕಂಡ ಕೂಡಲೇ ಹೊಳೆ ತಮ್ಮದೆಂದು ನೆನಪಾಯಿತು ಎಂದು ಊರವರು ಕೆರಳಿದರು. ಗುತ್ತಿಗೆ ರದ್ದಾಗುವವರೆಗೂ ಬಿಡಲಿಲ್ಲ. ಈ ಜಗಳದಿಂದ ಹುಟ್ಟಿದ್ದು ಅರ್ವರಿ ಸಂಸತ್ತು. 1999ರ ಜನವರಿ 26ರಂದು ಹಮೀರಪುರದಲ್ಲಿ ಅದರ ಅಧಿವೇಶನ ನಡೆಯಿತು. ಕಣಿವೆಯ ಸುಮಾರು 70 ಹಳ್ಳಿಗಳ ಪ್ರತಿನಿಧಿಗಳು ಅದರ ಸದಸ್ಯರು. ಕಾನೂನಿನ ಬಲ ಏನೂ ಇಲ್ಲದ ಸಂಸತ್ತು, ಊರ ನ್ಯಾಯಕಟ್ಟೆಯ ದೊಡ್ಡ ರೂಪ. ಮರುವರ್ಷ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಊರವರಿಗೆ ಪ್ರಶಸ್ತಿ ಕೊಡಲು ಆ ಹಳ್ಳಿಗಾಡಿಗೇ ಬಂದರು. ರಾಜೇಂದ್ರ ಸಿಂಗ್ ಅವರಿಗೆ 2001ರಲ್ಲಿ ಮ್ಯಾಗ್ಸೆಸೆ, 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂದವು.

ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆ ಸಂಸತ್ತಿನ ಕಟ್ಟಳೆಗಳು. ಕಬ್ಬು ಬೇಡ, ಭತ್ತ ಬೇಡ. ಹೋಳಿಯಿಂದ ಮಳೆಗಾಲ ಹಿಡಿಯುವವರೆಗೆ ಹೊಳೆಯಿಂದ ನೇರವಾಗಿ ನೀರೆತ್ತುವಂತಿಲ್ಲ. ಕಟ್ಟೆ ಕಟ್ಟುವುದು ಮರಳಿಗೆ ಹನಿ ಬಿಡುವ ಕೆಲಸವಾದರೆ, ಇದು ಬಾಯಿಂದ ಸ್ಟ್ರಾ ತೆಗೆಯುವ ಕೆಲಸ. ಹೋಳಿಯ ಹೊತ್ತಿಗೆ ಹೊಳೆಗೆ ಮೇಲಿನ ನೀರು ಒಂದು ತೊಟ್ಟೂ ಇರುವುದಿಲ್ಲ, ಹರಿಯುವುದೆಲ್ಲ ಒಸರು. ಆಗ ಎತ್ತಿದ ಒಂದೊಂದು ಬಿಂದಿಗೆಯೂ ನೀರುಗೆರೆಯಿಂದಲೇ ಹೋಗುತ್ತದೆ. ಜಲವಿಜ್ಞಾನದ ಪಠ್ಯ ಓದದವರು ತಿಥಿ ನೋಡಿ ಗುರುತು ಹಾಕಿದ ಗಡುವು ಇದು.

ನಮ್ಮಲ್ಲಿ ಹೊಳೆ ಉಳಿಸುವ ಉತ್ಸಾಹಕ್ಕೆ ಕೊರತೆಯಿಲ್ಲ. ಚೆಕ್‌ಡ್ಯಾಂ ಕಟ್ಟುತ್ತೇವೆ, ಇಂಗುಗುಂಡಿ ತೆಗೆಯುತ್ತೇವೆ, ನಾನೂ ಮಣ್ಣು ಹೊತ್ತಿದ್ದೇನೆ. ಆದರೆ ಅರ್ಕಾವತಿಯ ಅಧ್ಯಯನದಲ್ಲಿ ಚೆಕ್‌ಡ್ಯಾಮುಗಳೇ ಆರೋಪಿಗಳ ಸಾಲಿನಲ್ಲಿವೆ. ರಾಜಸ್ಥಾನದಲ್ಲಿ ಹೊಳೆ ಬದುಕಿಸಿದ ಕಟ್ಟೆ ಇಲ್ಲಿ ಹೊಳೆಯನ್ನು ತುಂಡರಿಸಿತು ಎಂದರೆ ಏನರ್ಥ? ನೀರುಗೆರೆ ಎಂಟುನೂರು ಅಡಿ ಕೆಳಗೆ ಜಾರಿದಾಗ, ತಡೆದು ಇಂಗಿಸಿದ ನೀರು ಪಾತ್ರದ ಮಟ್ಟಕ್ಕೆ ಏರುವ ಮಾತೇ ಇಲ್ಲ. ಅದು ಯಾರದೋ ಬೋರಿನಲ್ಲಿ ಒಂದು ಬೆಳೆಗೆ ಒದಗುತ್ತದೆ, ರೈತನಿಗೆ ಅದೂ ಲಾಭವೇ. ಹೊಳೆಗೆ ಮಾತ್ರ ಮೇಲಿನ ಓಟದ ನೀರೂ ತಪ್ಪಿತು, ಒಳಗಿನ ಒಸರೂ ಬರಲಿಲ್ಲ. ಸಿಡ್ನಿಯವರ ಲೆಕ್ಕದಲ್ಲೂ ಅರ್ವರಿಯ ಕಟ್ಟೆಗಳಿಂದ ಅಂತರ್ಜಲಕ್ಕೆ ಲಾಭವಾದರೂ, ಕಣಿವೆಯ ಕೆಳತುದಿಗೆ ಹೋಗುವ ಹರಿವು ಕಡಿಮೆಯಾಗುತ್ತದೆ. ಮೇಲಿನೂರು ಉಂಡದ್ದು ಕೆಳಗಿನೂರಿನ ತಟ್ಟೆಯಿಂದಲೂ ಇರಬಹುದು. ಕಣಿವೆಯ ಊರುಗಳೆಲ್ಲ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡಬೇಕಾಗಿ ಬರುವುದು ಇದಕ್ಕೇ.

ಹಗ್ಗ ಮತ್ತು ಕಲ್ಲು

ನಿಮ್ಮ ಊರಿನ ಹೊಳೆ ಎಷ್ಟು ದೂರದಲ್ಲಿದೆ ಎಂದು ತಿಳಿಯಲು ಉಪಗ್ರಹ ಬೇಡ. ದಡದ ಹತ್ತಿರ ಒಂದು ಹಳೆಯ ತೆರೆದ ಬಾವಿ ಹುಡುಕಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರು ಎಷ್ಟು ಅಡಿ ಕೆಳಗಿದೆ ನೋಡಿ. ಆಮೇಲೆ ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು, ಬಾವಿಯ ಬಾಯಿಗಿಂತ ಹೊಳೆಯ ಪಾತ್ರ ಎಷ್ಟು ಅಡಿ ತಗ್ಗಿನಲ್ಲಿದೆ ಅಳೆಯಿರಿ. ಮೊದಲ ಸಂಖ್ಯೆ ಎರಡನೆಯದಕ್ಕಿಂತ ಚಿಕ್ಕದಿದ್ದರೆ ಹೊಳೆ ಹರಿಯುತ್ತಿರುತ್ತದೆ. ದೊಡ್ಡದಿದ್ದರೆ, ಎಷ್ಟು ದೊಡ್ಡದೋ ಅಷ್ಟು ಅಡಿ ಕೆಳಗೆ ನಿಮ್ಮ ಹೊಳೆ ಇದೆ.

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಅಜ್ಜಿಯ ಕಾಲದ ಕಪಿಲೆ ಬಾವಿಗೆ ನಾನೂ ಕಲ್ಲು ಇಳಿಬಿಟ್ಟೆ. ಪಕ್ಕದಲ್ಲಿ ಅಣ್ಣನ ಮಗ ಪೈಪು ಹಿಡಿದು ನಿಂತಿದ್ದ. ಹೊಳೆ ಬಾವಿಯ ಬಾಯಿಗಿಂತ ಹನ್ನೊಂದು ಅಡಿ ತಗ್ಗು. ಹಗ್ಗ ಹನ್ನೊಂದು ದಾಟಿತು, ಇಪ್ಪತ್ತು ದಾಟಿತು, ನಲವತ್ತಕ್ಕೆ ಕಲ್ಲು ತಳದ ಬಂಡೆಗೆ ಬಡಿದು ಟಣ್ಣೆಂದಿತು. ಒಳಗಿಂದ ಒಂದು ಪಾರಿವಾಳ ಹಾರಿಹೋಯಿತು. ಹುಡುಗ ಪುಸ್ತಕದಲ್ಲಿ ಏನು ಬರೆಯಲಿ ಎಂದು ಕೇಳಿದ. ದಿನಾಂಕ ಬರಿ, ನಲವತ್ತಕ್ಕಿಂತ ಕೆಳಗೆ ಅಂತ ಬರಿ, ದೀಪಾವಳಿಗೆ ಮತ್ತೆ ಅಳೆಯೋಣ ಎಂದೆ.